‘ಎರಡ್ ದಿನದಾಗ ಆಗ್ತದ್ರಿ’: ವಿಡಿಯೊ ಗೇಮ್ ಕಟ್ಟುವವರ ಕ್ಯಾಲೆಂಡರ್

‘ಗ್ರ್ಯಾಂಡ್ ಥೆಫ್ಟ್ ಆಟೊ’ ಸರಣಿಯ ಆರನೆಯ ಗೇಮ್ 2025ರಲ್ಲಿ ಬರುತ್ತದೆ ಎಂದು ರಾಕ್‌ಸ್ಟಾರ್ ಕಂಪನಿ 2023ರ ಡಿಸೆಂಬರಿನಲ್ಲಿ ಮೊದಲ ಟ್ರೇಲರಿನ ಜೊತೆಗೇ ಸಾರಿತ್ತು. 2025ರ ಮೇ ಬಂತು. ಗೇಮಿನ ಬದಲು ಹೊಸ ತಾರೀಖು ಬಂತು: 2026ರ ಮೇ 26. ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ಪ್ರಕಟಣೆ: 2026ರ ನವೆಂಬರ್ 19. ದುಡ್ಡಿಗೆ ಕೊರತೆಯಿಲ್ಲ, ಹಲವು ದೇಶಗಳಲ್ಲಿ ಸ್ಟುಡಿಯೊಗಳಿವೆ, ಇಪ್ಪತ್ತೈದು ವರ್ಷಕ್ಕೂ ಮೀರಿದ ಅನುಭವವಿದೆ. ಆದರೂ ಕೆಲಸ ಯಾವತ್ತು ಮುಗಿಯುತ್ತದೆ ಎಂದು ಗಟ್ಟಿಯಾಗಿ ಹೇಳಲು ಆಗಲಿಲ್ಲ. ಆ ಸ್ಟುಡಿಯೊಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇದೆ.

ಮನೆ ಕಟ್ಟುವ ಮೇಸ್ತ್ರಿಯೂ ತಡ ಮಾಡುತ್ತಾನೆ, ಸಿನಿಮಾದವರೂ ತಡ ಮಾಡುತ್ತಾರೆ. ಗೇಮಿನ ತಡ ಸ್ವಲ್ಪ ಬೇರೆ ಜಾತಿಯದು. ಗೋಡೆ ಎದ್ದರೆ ಎದ್ದಿತು, ಅದು ಗೋಡೆ ಹೌದೋ ಅಲ್ಲವೋ ಎಂಬ ಅನುಮಾನ ಯಾರಿಗೂ ಇಲ್ಲ. ಗೇಮಿನಲ್ಲಿ ಹೇಳಿದ್ದೆಲ್ಲ ಕಟ್ಟಿ ಮುಗಿಸಿದ ಮೇಲೂ ಆಡಿದವನು ಐದು ನಿಮಿಷಕ್ಕೆ ಆಕಳಿಸಿದರೆ ಕೆಲಸ ಮುಗಿದಿಲ್ಲ ಎಂದೇ ಲೆಕ್ಕ. ಮಜಾ ಬರಲು ಎಷ್ಟು ದಿನ ಬೇಕು ಎಂದು ಮೊದಲೇ ಬರೆದಿಡುವ ವಿದ್ಯೆಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ಹಾಗಿದ್ದರೂ ಸಂಬಳ ತಿಂಗಳ ಕೊನೆಗೆ ಕೊಡಬೇಕು, ಹಣ ಹಾಕಿದವರಿಗೆ ತಾರೀಖು ಹೇಳಬೇಕು. ಈ ಎರಡರ ನಡುವೆ ನಿಂತು ಕ್ಯಾಲೆಂಡರ್ ಹಿಡಿಯುವವರನ್ನು ಗೇಮ್ ಉದ್ಯಮದಲ್ಲಿ ಪ್ರೊಡ್ಯೂಸರ್ ಎನ್ನುತ್ತಾರೆ. ಸಿನಿಮಾದ ನಿರ್ಮಾಪಕರಂತೆ ಇವರು ಜೇಬಿನಿಂದ ಹಣ ಹಾಕುವವರಲ್ಲ. ಯಾರು ಯಾವಾಗ ಏನು ಮುಗಿಸಬೇಕು, ಯಾರ ಕೆಲಸಕ್ಕಾಗಿ ಯಾರು ಕಾಯುತ್ತಿದ್ದಾರೆ, ಏನನ್ನು ಕೈಬಿಡಬೇಕು ಎಂದು ನೋಡಿಕೊಳ್ಳುವವರು. ಚಿತ್ರ ಬಿಡಿಸುವವರ, ಕೋಡ್ ಬರೆಯುವವರ ಹೆಸರು ಆಟಗಾರರಿಗೆ ಗೊತ್ತಿರಬಹುದು. ಇವರದು ಗೊತ್ತಿರುವುದಿಲ್ಲ.

ಇಂಥ ಕ್ಯಾಲೆಂಡರ್ ನಮ್ಮ ಕಡೆಗೆ ಹೊಸದೇನಲ್ಲ. ಪಕ್ಕದ ನಂದೂರ ಎಂದರೆ ಕಲಬುರಗಿಯವರಿಗೆ ನೆನಪಾಗುವುದು ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶ, ಗೇಮ್ ಸ್ಟುಡಿಯೊ ಅಲ್ಲ. ಆದರೆ ವೇಳಾಪಟ್ಟಿ ಎಂದರೇನು ಎಂದು ಈ ಭಾಗದ ದಾಲ್ ಮಿಲ್ಲಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಡ್ರೈಯರ್ ಇಲ್ಲದ ಮಿಲ್ಲಿನಲ್ಲಿ ತೊಗರಿಗೆ ಎಣ್ಣೆ ಸವರಿ, ಅಂಗಳದ ಬಿಸಿಲಿಗೆ ಹರಡಿ, ರಾತ್ರಿ ರಾಶಿ ಮಾಡಿ ಮುಚ್ಚಿ, ಮರುದಿನ ಮತ್ತೆ ಹರಡುತ್ತಾರೆ. ಕಾಳು ಒಣಗದೆ ಸಿಪ್ಪೆ ಬಿಡುವುದಿಲ್ಲ, ಸಿಪ್ಪೆ ಬಿಡದೆ ಬೇಳೆ ಒಡೆಯುವುದಿಲ್ಲ. ನಡುವೆ ಒಂದು ಮಳೆ ಬಿದ್ದರೆ ಒಡೆಯುವ ಯಂತ್ರ ಸುಮ್ಮನೆ ನಿಲ್ಲುತ್ತದೆ. ಯಂತ್ರದ ಮುಂದೆ ಇನ್ನೂ ಹತ್ತು ಆಳು ಹೆಚ್ಚಿಗೆ ನಿಲ್ಲಿಸಿದರೆ ಕಾಳು ಬೇಗ ಒಣಗುವುದಿಲ್ಲ. ಗೇಮಿನಲ್ಲೂ ಇಷ್ಟೇ ತೊಡಕು: ಒಬ್ಬರ ಕೆಲಸ ಇನ್ನೊಬ್ಬರ ಕೆಲಸದ ಮೇಲೆ ಕೂತಿರುತ್ತದೆ, ಮಳೆ ಮಾತ್ರ ಯಾವ ತಿಂಗಳಲ್ಲಾದರೂ ಬರುತ್ತದೆ.

ಕರ್ನಾಟಕದಲ್ಲಿ ಈ ಲೆಕ್ಕ ಶುರುವಾದದ್ದು 1997ರಲ್ಲಿ. ರಾಜೇಶ್ ರಾವ್ ಆ ವರ್ಷ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಆರಂಭಿಸಿದರು. ಭಾರತದ ಗೇಮ್ ಉದ್ಯಮದ ಮೊದಲ ಸ್ಟುಡಿಯೊ ಎಂದು ಅದನ್ನೇ ಹೇಳುವುದು ವಾಡಿಕೆ. ಸ್ವಂತ ಗೇಮ್ ಮಾಡಿ ಮಾರುವುದಕ್ಕಿಂತ ಹೊರದೇಶದ ದೊಡ್ಡ ಗೇಮುಗಳಿಗೆ ಬೇಕಾದ ಚಿತ್ರ, ಮಾದರಿ, ವಸ್ತುಗಳನ್ನು ಮಾಡಿಕೊಡುವ ಕೆಲಸ ಅವರ ಕೈಹಿಡಿಯಿತು. ಮೈಕ್ರೋಸಾಫ್ಟಿನ ‘ಫೋರ್ಜಾ ಮೋಟರ್‌ಸ್ಪೋರ್ಟ್’ ಸರಣಿಯ ಕಾರುಗಳು ಧ್ರುವದ ಕಲಾವಿದರ ಕೈಯಲ್ಲೂ ತಯಾರಾದವು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಈ ಕಂಪನಿಯನ್ನು ಕೊಂಡಿತು. 2019ರಲ್ಲಿ ಅದರಿಂದ ರಾಕ್‌ಸ್ಟಾರ್ ಸುಮಾರು 79 ಲಕ್ಷ ಡಾಲರಿಗೆ ಕೊಂಡು ತನ್ನ ಬೆಂಗಳೂರು ಸ್ಟುಡಿಯೊ ಜೊತೆ ಸೇರಿಸಿಕೊಂಡಿತು.

ಗುತ್ತಿಗೆ ಕೆಲಸದ ಕ್ಯಾಲೆಂಡರಿಗೆ ಒಂದು ಅನುಕೂಲವಿದೆ. ಒಂದು ಕಾರು ಎಂದರೆ ಒಂದು ಕಾರು. ಹೊರಮೈಗೆ ಇಷ್ಟು ದಿನ, ಒಳಗಿನ ಸೀಟು, ಸ್ಟೀರಿಂಗಿಗೆ ಇಷ್ಟು, ಬಣ್ಣ ಮತ್ತು ಹೊಳಪಿಗೆ ಇಷ್ಟು, ತಿದ್ದುಪಡಿಗೆ ಇಷ್ಟು ಎಂದು ಮಾನವದಿನಗಳಲ್ಲಿ ಬರೆಯಬಹುದು, ಹತ್ತು ಕಾರಿನ ಅನುಭವದ ಮೇಲೆ ಹನ್ನೊಂದನೆಯದರ ಲೆಕ್ಕ ಸರಿಯಾಗೇ ಬರುತ್ತದೆ. ಮೇಲಾಗಿ ಗಡಿಯಾರವೂ ನೆರವಿಗಿತ್ತು. ಮೈಕ್ರೋಸಾಫ್ಟ್ ಇರುವ ಅಮೆರಿಕದ ರೆಡ್ಮಂಡ್ ನಮಗಿಂತ ಹನ್ನೆರಡೂವರೆಯಿಂದ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ ಕಳಿಸಿದ ಕೆಲಸ ಅಲ್ಲಿ ಬೆಳಿಗ್ಗೆ ಸಿಗುತ್ತದೆ. ಇಲ್ಲಿಯವರು ಮಲಗಿ ಏಳುವಷ್ಟರಲ್ಲಿ ‘ಬಾನೆಟ್ಟಿನ ಅಂಚು ಸರಿಪಡಿಸಿ’ ಎಂಬ ಉತ್ತರ ಬಂದಿರುತ್ತದೆ. ತೊಂದರೆ ಏನೆಂದರೆ ಉತ್ತರ ಅರ್ಥವಾಗದೆ ಹೋದರೆ ಒಂದು ಸಣ್ಣ ಪ್ರಶ್ನೆಗೂ ಒಂದು ಇಡೀ ದಿನ ಹೋಯಿತು. ಪ್ರಶ್ನೆಯನ್ನು ಒಂದೇ ಸಲಕ್ಕೆ ಪೂರ್ತಿಯಾಗಿ, ಚಿತ್ರದ ಸಮೇತ ಕೇಳುವುದು ಇಂಥ ಕಡೆ ಶಿಷ್ಟಾಚಾರದ ಮಾತಲ್ಲ, ಸಮಯ ಉಳಿಸುವ ಮೊದಲ ಉಪಾಯ.

ಸ್ವಂತ ಗೇಮ್ ಮಾಡ ಹೊರಟವರಿಗೆ ಈ ಸುಖವಿಲ್ಲ. ಒಂದು ಕಲ್ಪನೆಯ ತಂಡವನ್ನೇ ತೆಗೆದುಕೊಳ್ಳೋಣ: ಮೂವರು ವಿದ್ಯಾರ್ಥಿಗಳು, ಒಬ್ಬ ನಂದೂರಿನವನು, ಒಬ್ಬಳು ಕಲಬುರಗಿ ನಗರದವಳು, ಇನ್ನೊಬ್ಬ ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಓಡಾಡುವವನು. ಕಲಬುರಗಿಯ ಬಹಮನಿ ಕೋಟೆಯೊಳಗೆ ನಡೆಯುವ ಒಂದು ಪತ್ತೇದಾರಿ ಗೇಮ್ ಮಾಡಬೇಕೆಂದಿದ್ದಾರೆ. ಕೋಟೆ ಕಣ್ಣೆದುರಿಗೇ ಇದೆ, ಒಳಗೆ 1367ರ ಜಾಮಿ ಮಸೀದಿ ಇದೆ, ಕಮಾನುಗಳ ಸಾಲಿದೆ, ದೊಡ್ಡ ತೋಪಿದೆ. ಮೊದಲು ಒಂದು ಬಾಗಿಲು ಮಾಡೋಣ ಎನ್ನುತ್ತಾರೆ. ಎಷ್ಟು ದಿನ ಬೇಕು ಎಂದು ಕೇಳಿದರೆ ಉತ್ತರ ಒಂದೇ: ‘ಬಾಗ್ಲಾ ಏನ್ ದೊಡ್ಡದ್ರಿ, ಎರಡ್ ದಿನದಾಗ ಆಗ್ತದ್ರಿ.’

ಗೇಮ್ ವಿನ್ಯಾಸಕಿ ಲಿಜ್ ಇಂಗ್ಲೆಂಡ್ 2014ರಲ್ಲಿ ಇದೇ ಬಾಗಿಲನ್ನು ಹಿಡಿದು ಬರೆದ ಲೇಖನ ಈ ವೃತ್ತಿಯವರೆಲ್ಲ ಓದುವಂಥದ್ದಾಯಿತು. ನಮ್ಮ ಕೋಟೆಗೆ ಅದೇ ಪ್ರಶ್ನೆ ಹಾಕಿ ನೋಡಿ. ಬಾಗಿಲಿಗೆ ಬೀಗ ಇದೆಯೇ? ಕೀಲಿ ಎಲ್ಲಿ ಸಿಗುತ್ತದೆ, ಸಿಗದೆ ಹೋದರೆ ಆಟಗಾರ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆಯೇ? ಕಾವಲುಗಾರ ಇದೇ ಬಾಗಿಲಿನಿಂದ ಬರಬಹುದೇ? ಅವನು ಹೊಸ್ತಿಲಲ್ಲಿ ನಿಂತಾಗ ಆಟಗಾರ ಬಾಗಿಲು ಹಾಕಿದರೆ? ತೆರೆಯುವಾಗ ಕಿರ್ರೆನ್ನಬೇಕೇ, ಆ ಸದ್ದು ಕಾವಲುಗಾರನಿಗೆ ಕೇಳಿಸಬೇಕೇ? ಗೇಮ್ ಅರ್ಧಕ್ಕೆ ಉಳಿಸಿ ಮರುದಿನ ತೆರೆದರೆ ಬಾಗಿಲು ತೆರೆದೇ ಇರಬೇಕೇ? ಪ್ರತಿ ಪ್ರಶ್ನೆಯೂ ಯಾರದೋ ಮೇಜಿನ ಮೇಲೆ ಒಂದು ಕೆಲಸವಾಗಿ ಕೂಡುತ್ತದೆ. ಹೀಗೆ ಹಿಡಿಯೋಣ: ಮಾದರಿಗೆ 6 ಗಂಟೆ, ಮರದ ಬಣ್ಣ ಮತ್ತು ಮೊಳೆಗೆ 3, ತೆರೆಯುವ ಚಲನೆಗೆ 3, ಕೋಡಿಗೆ 4, ಸದ್ದಿಗೆ 1, ಪರೀಕ್ಷೆಗೆ 3. ಒಟ್ಟು 20 ಗಂಟೆ.

ಈಗ ಕೈಯಲ್ಲಿ ಎಷ್ಟಿದೆ ನೋಡೋಣ. ಹನ್ನೆರಡು ವಾರದ ಯೋಜನೆ. ಪರೀಕ್ಷೆಗೆಂದು ಎರಡು ವಾರ ಕಳೆದರೆ ಹತ್ತು. ಇಬ್ಬರು ವಾರಕ್ಕೆ 14 ಗಂಟೆ ಕೊಡಬಲ್ಲರು, ಕಮಲಾಪುರದವನ ಸಮಯವನ್ನು ಬಸ್ಸು ತಿನ್ನುವುದರಿಂದ ಅವನದು 10. ವಾರಕ್ಕೆ 38, ಹತ್ತು ವಾರಕ್ಕೆ 380 ಗಂಟೆ. ಕಾಲುಭಾಗವನ್ನು ತಪ್ಪು ಹುಡುಕಿ ತಿದ್ದಲು ಮೊದಲೇ ಎತ್ತಿಡಬೇಕು, ಅದನ್ನು ಮುಟ್ಟುವಂತಿಲ್ಲ. ಉಳಿದದ್ದು 285. ಬೇರೇನೂ ಮಾಡದೆ ಬಾಗಿಲನ್ನೇ ಮಾಡುತ್ತ ಕುಳಿತರೆ ಹದಿನಾಲ್ಕು ಬಾಗಿಲು! ಕೋಟೆ, ಕಾವಲುಗಾರ, ಕಥೆ ಯಾವುದೂ ಇಲ್ಲ. ಈ ಗುಣಾಕಾರವನ್ನು ಮೊದಲ ದಿನ ಕಾಗದದ ಮೇಲೆ ಮಾಡಿದ ತಂಡ ಕೋಟೆಯನ್ನು ಒಂದು ಬುರುಜಿಗೆ ಇಳಿಸುತ್ತದೆ. ಮಾಡದ ತಂಡಕ್ಕೆ ಇದೇ ಸಂಗತಿ ಒಂಬತ್ತನೆಯ ವಾರ ಗೊತ್ತಾಗುತ್ತದೆ.

ಅಂದಾಜು ಹಾಕಲು ಒಂದು ಹಳೆಯ ಸೂತ್ರವಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪಿಸಿದ್ದು, ಹೆಸರು ಪರ್ಟ್. ಎಲ್ಲ ಸಲೀಸಾದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು ಎಂದು ಮೂರು ಸಂಖ್ಯೆ ಕೇಳಬೇಕು. ನಡುವಿನದನ್ನು ನಾಲ್ಕು ಪಟ್ಟು ಮಾಡಿ ಮೂರನ್ನೂ ಕೂಡಿಸಿ ಆರರಿಂದ ಭಾಗಿಸಬೇಕು. 2, 4, 12 ದಿನ ಎಂದರೆ ಸಿಗುವುದು 5. ನನ್ನ ಮಟ್ಟಿಗೆ ಇದರ ಲಾಭ ಭಾಗಾಕಾರದಲ್ಲಿಲ್ಲ. ಮೂರನೆಯ ಸಂಖ್ಯೆ ಹೇಳುವಾಗ ಹುಡುಗರು ಒಂದು ಕ್ಷಣ ತಡೆದು, ಏನೇನು ಕೆಡಬಹುದು ಎಂದು ಬಾಯಿಬಿಟ್ಟು ಹೇಳುತ್ತಾರಲ್ಲ, ಅದೇ ಲಾಭ.

ಇಷ್ಟಾದರೂ ಅಂದಾಜಿಗೆ ಒಗ್ಗದ ಭಾಗ ಒಂದು ಉಳಿದೇ ಉಳಿಯುತ್ತದೆ. ಪ್ಲೇಸ್ಟೇಷನ್ ಯಂತ್ರಗಳ ವಿನ್ಯಾಸದಲ್ಲೂ ಹೆಸರಾದ ಮಾರ್ಕ್ ಸರ್ನಿ 2002ರಲ್ಲಿ ಒಂದು ಉಪನ್ಯಾಸದಲ್ಲಿ ಇದನ್ನು ನೇರವಾಗಿ ಹೇಳಿದ್ದರು: ಗೇಮಿನ ಮೊದಲ ಹಂತವನ್ನು, ಅಂದರೆ ಪ್ರೀ-ಪ್ರೊಡಕ್ಷನ್ ಅನ್ನು, ವೇಳಾಪಟ್ಟಿಗೆ ಕಟ್ಟಿಹಾಕಲು ಹೋಗಬೇಡಿ. ಚಿಕ್ಕ ತಂಡ ಇಟ್ಟುಕೊಂಡು, ಮಾಡಿದ್ದನ್ನು ಬಿಸಾಡುವ ಧೈರ್ಯ ಇಟ್ಟುಕೊಂಡು, ಕೊನೆಯ ಗುಣಮಟ್ಟದಲ್ಲೇ ಒಂದೆರಡು ಹಂತ ಮಾಡಿ ನೋಡಿ. ಅದು ಆಡಲು ಚೆನ್ನಾಗಿದ್ದರೆ ಮಾತ್ರ ದೊಡ್ಡ ತಂಡ, ದೊಡ್ಡ ಕ್ಯಾಲೆಂಡರ್. ಚೆನ್ನಾಗಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಅಷ್ಟರೊಳಗೆ ಖರ್ಚಾಗುವ ದುಡ್ಡು ಮೂರು ವರ್ಷ ಎಳೆದಾಡಿ ಮುಳುಗುವ ದುಡ್ಡಿನ ಮುಂದೆ ಏನೂ ಅಲ್ಲ ಎಂಬುದು ಅವರ ವಾದ. ಇಂದಿಗೂ ಪ್ರಕಾಶಕರ ಬಳಿ ಹಣ ಕೇಳಲು ಹೋಗುವವರು ಇಂಥ ಒಂದು ತುಣುಕನ್ನೇ ಹಿಡಿದುಕೊಂಡು ಹೋಗುತ್ತಾರೆ.

ಅಲ್ಲಿಂದ ಮುಂದಿನದಕ್ಕೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಹೆಸರು. ಪ್ರೊಡಕ್ಷನ್‌ನಲ್ಲಿ ವಸ್ತುಗಳೆಲ್ಲ ತಯಾರಾಗುತ್ತವೆ. ಆಲ್ಫಾ ಎಂದರೆ ಗೇಮಿನಲ್ಲಿ ಇರಬೇಕಾದ ಸೌಲಭ್ಯಗಳೆಲ್ಲ ಇವೆ, ಒರಟಾಗಿವೆ. ಬೀಟಾ ಎಂದರೆ ಇನ್ನು ಹೊಸದೇನೂ ಸೇರಿಸುವಂತಿಲ್ಲ, ತಪ್ಪು ತಿದ್ದುವುದಷ್ಟೇ. ಗೋಲ್ಡ್ ಎಂದರೆ ಮುಗಿದ ಪ್ರತಿ. ಹಣ ಹಾಕಿದವರು ಕಂತು ಕೊಡುವುದೂ ಈ ಮೈಲಿಗಲ್ಲುಗಳ ಲೆಕ್ಕದಲ್ಲೇ. ಬೀಟಾದಲ್ಲಿ ಸಿಗುವ ತಪ್ಪುಗಳನ್ನು ದರ್ಜೆಗೆ ಹಾಕುತ್ತಾರೆ: ಗೇಮ್ ನಿಂತೇ ಹೋಗುವುದು ಮೊದಲ ದರ್ಜೆ, ಆಡಲು ಅಡ್ಡಿಯಾಗುವುದು ಎರಡನೆಯದು, ಕಮಾನಿನ ಬಣ್ಣ ತುಸು ಮಾಸಿರುವುದು ಮೂರನೆಯದು. ಮೂರನೆಯ ದರ್ಜೆಯ ತಪ್ಪುಗಳನ್ನು ತಿಳಿದೂ ತಿಳಿದೂ ಬಿಟ್ಟು ಬಿಡುಗಡೆ ಮಾಡುವುದಕ್ಕೆ ಎದೆಗಾರಿಕೆ ಬೇಕು. ಕಲಾವಿದರ ಕೈಲಿ ಇದು ಆಗುವುದಿಲ್ಲ, ಅದಕ್ಕೇ ಪ್ರೊಡ್ಯೂಸರ್ ಬೇಕು.

ಬಿಟ್ಟುಬಿಡಲು ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಇದೆ. ಧ್ರುವ ಹುಟ್ಟಿದ 1997ರಲ್ಲೇ ಟೆಕ್ಸಾಸಿನ 3ಡಿ ರೆಲ್ಮ್ಸ್ ಆ ಗೇಮ್ ಬರುತ್ತದೆ ಎಂದು ಸಾರಿತು. ಹಿಂದಿನ ಗೇಮ್ ಚೆನ್ನಾಗಿ ಮಾರಿತ್ತು, ಅವಸರ ಮಾಡುವ ಸಾಲಗಾರರಿರಲಿಲ್ಲ. ಮಾರುಕಟ್ಟೆಗೆ ಹೊಸ ತಂತ್ರಜ್ಞಾನ ಬಂದರೆ ಅದು ನಮಗೂ ಬೇಕು, ಬೇರೆಯವರ ಗೇಮಿನಲ್ಲಿ ಚಂದದ್ದು ಕಂಡರೆ ಅದೂ ಬೇಕು. ಗೇಮಿನ ತಳಹದಿಯಾದ ಎಂಜಿನ್ನನ್ನೇ ಬದಲಿಸಿದರು, ಮಾಡಿದ್ದನ್ನು ಕೆಡವಿ ಮತ್ತೆ ಮಾಡಿದರು. ಯಾವಾಗ ಬರುತ್ತದೆ ಎಂದು ಕೇಳಿದರೆ ಮುಗಿದಾಗ ಬರುತ್ತದೆ ಎಂಬ ಉತ್ತರ. 2009ರಲ್ಲಿ ಹಣ ಬರಿದಾಗಿ ತಂಡವನ್ನು ಮನೆಗೆ ಕಳಿಸಬೇಕಾಯಿತು. ಇನ್ನೊಂದು ಕಂಪನಿ ಕೈಗೆತ್ತಿಕೊಂಡು 2011ರ ಜೂನಿನಲ್ಲಿ ಬಿಡುಗಡೆ ಮಾಡಿತು. ಹದಿನಾಲ್ಕು ವರ್ಷ ಕಾದವರು ಆಡಿ ನೋಡಿ ಮೂಗು ಮುರಿದರು.

ಇದರ ತದ್ವಿರುದ್ಧ 1982ರ ‘ಇ.ಟಿ.’. ಸ್ಪೀಲ್‌ಬರ್ಗ್ ಸಿನಿಮಾ ಗೆದ್ದಿತ್ತು, ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಯಲ್ಲಿ ಗೇಮ್ ಇರಬೇಕೆಂದು ಅಟಾರಿ ಕಂಪನಿ ಹಟ ಹಿಡಿಯಿತು. ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಪ್ರೋಗ್ರಾಮರ್‌ಗೆ ಸಿಕ್ಕದ್ದು ಸುಮಾರು ಐದು ವಾರ. ಸಾಮಾನ್ಯವಾಗಿ ತಿಂಗಳುಗಟ್ಟಲೆ ಹಿಡಿಯುವ ಕೆಲಸವನ್ನು ಆತ ಆ ಅವಧಿಯಲ್ಲಿ ಮುಗಿಸಿದ. ಮಾರದೆ ಉಳಿದ ಸರಕಿನ ಒಂದು ಭಾಗವನ್ನು ನ್ಯೂ ಮೆಕ್ಸಿಕೊದ ಅಲಮಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು; 2014ರಲ್ಲಿ ಅಗೆದಾಗ ಕಾರ್ಟ್ರಿಜ್‌ಗಳು ಸಿಕ್ಕವು. ನನಗೆ ವಾರ್ಷಾ ಬಗ್ಗೆ ಮರುಕ ಮಾತ್ರವಲ್ಲ, ಗೌರವವೂ ಇದೆ. ತಾರೀಖು ತಪ್ಪಿಸದ ಮನುಷ್ಯ ಆತ. ತಪ್ಪು ಆ ತಾರೀಖನ್ನು ಒಪ್ಪಿಕೊಂಡು ಬಂದವರದು.

ಸಮಯ, ಹಣ, ಗೇಮಿನ ಗಾತ್ರ. ಕೆಲಸ ಹಿಂದೆ ಬಿದ್ದಾಗ ಈ ಮೂರರಲ್ಲಿ ಒಂದನ್ನು ಸಡಿಲಿಸಲೇಬೇಕು. ಹಣವಿದೆ, ಜನರನ್ನು ಹೆಚ್ಚಿಸೋಣ ಎನ್ನುವವರಿಗೆ ಫ್ರೆಡ್ ಬ್ರೂಕ್ಸ್ 1975ರಲ್ಲೇ ಉತ್ತರ ಬರೆದಿಟ್ಟಿದ್ದಾರೆ. ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ಯೋಜನೆ ನಡೆಸಿದ ಅನುಭವದಿಂದ ಅವರು ಹೇಳಿದ್ದು: ತಡವಾದ ಯೋಜನೆಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ. ಹೊಸಬರಿಗೆ ಕೆಲಸ ಕಲಿಸಲು ಹಳಬರ ಹೊತ್ತು ಹೋಗುತ್ತದೆ, ಮಾತುಕತೆಯ ದಾರಿಗಳೂ ಹೆಚ್ಚುತ್ತವೆ. ಮೂವರಿದ್ದರೆ ಮೂರು ಜೋಡಿ, ಆರು ಜನಕ್ಕೆ ಹದಿನೈದು, ಹನ್ನೆರಡು ಜನಕ್ಕೆ ಅರವತ್ತಾರು. ಹಾಗಾಗಿ ಸಣ್ಣ ತಂಡದ ಕೈಯಲ್ಲಿ ನಿಜವಾಗಿ ಉಳಿಯುವುದು ಗಾತ್ರ ಒಂದೇ. ಬುದ್ಧಿವಂತರು ಮೊದಲ ವಾರವೇ ಮೂರು ಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾರೆ: ಇದಿಲ್ಲದೆ ಗೇಮೇ ಇಲ್ಲ, ಇದ್ದರೆ ಒಳ್ಳೆಯದು, ಮುಂದಿನ ಗೇಮಿಗೆ ನೋಡೋಣ. ಮೂರನೆಯ ಪಟ್ಟಿ ಉದ್ದವಾದಷ್ಟೂ ತಂಡ ಆರೋಗ್ಯವಾಗಿದೆ ಎಂದು ತಿಳಿಯಬಹುದು.

ಗಾತ್ರ ಇಳಿಸಲು ಮನಸ್ಸಿಲ್ಲದವರು ನಾಲ್ಕನೆಯ ದಾರಿ ಹಿಡಿಯುತ್ತಾರೆ: ಇದ್ದವರನ್ನೇ ಹಗಲುರಾತ್ರಿ ದುಡಿಸುವುದು. ಉದ್ಯಮದಲ್ಲಿ ಇದಕ್ಕೆ ಕ್ರಂಚ್ ಎಂದು ಹೆಸರು. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಉದ್ಯೋಗಿಯೊಬ್ಬರ ಸಂಗಾತಿ ಎರಿನ್ ಹಾಫ್‌ಮನ್ ಹೆಸರು ಹಾಕದೆ ಒಂದು ಬಹಿರಂಗ ಪತ್ರ ಬರೆದರು. ವಾರದ ಏಳೂ ದಿನ ಮನೆ ಮುಖ ನೋಡದ ದುಡಿಮೆ ಹೊರಜಗತ್ತಿಗೆ ಗೊತ್ತಾಯಿತು. ಓವರ್‌ಟೈಮ್ ಮೊಕದ್ದಮೆಗಳನ್ನು ಕಂಪನಿ ಕಲಾವಿದರಿಗೆ 1.56 ಕೋಟಿ, ಪ್ರೋಗ್ರಾಮರ್‌ಗಳಿಗೆ 1.49 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತು. ಪಾಠ ಕಲಿತರೇ? 2018ರಲ್ಲಿ ‘ರೆಡ್ ಡೆಡ್ ರಿಡೆಂಪ್ಶನ್ 2’ ಬಿಡುಗಡೆಯ ಹೊತ್ತಿಗೆ ರಾಕ್‌ಸ್ಟಾರಿನ ಡ್ಯಾನ್ ಹೌಸರ್ ವಾರಕ್ಕೆ ನೂರು ಗಂಟೆ ಕೆಲಸದ ಮಾತಾಡಿ ಟೀಕೆಗೆ ಗುರಿಯಾದರು. ಅದು ತಾನೂ ಕೆಲವೇ ಬರಹಗಾರರೂ ಕೆಲವು ವಾರ ಮಾಡಿದ್ದು ಎಂದು ಆಮೇಲೆ ವಿವರಣೆ ಕೊಟ್ಟರು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2020ರಲ್ಲಿ ‘ಸೈಬರ್‌ಪಂಕ್ 2077’ ತಾರೀಖನ್ನು ಒಂದೇ ವರ್ಷದಲ್ಲಿ ಮೂರು ಸಲ ಮುಂದೂಡಿತು, ಕೊನೆಗೆ ವಾರಕ್ಕೆ ಆರು ದಿನ ದುಡಿಸಿತು. ಡಿಸೆಂಬರ್ 10ರಂದು ಬಂದ ಗೇಮ್ ಹಳೆಯ ಯಂತ್ರಗಳಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ ಸೋನಿ ವಾರವೊಂದರಲ್ಲಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಮರಳಿ ಇಟ್ಟದ್ದು 2021ರ ಜೂನಿನಲ್ಲಿ.

ನಮ್ಮ ರಾಜ್ಯದ ಸ್ಥಿತಿಯನ್ನು ಇಲ್ಲಿ ಹೇಳಬೇಕು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿದರೂ ದಿನಕ್ಕೆ 10, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರುವಂತಿಲ್ಲ. 2025ರ ಜೂನಿನಲ್ಲಿ ದಿನದ ಮಿತಿಯನ್ನು ಓವರ್‌ಟೈಮ್ ಸೇರಿ 12 ಗಂಟೆಗೆ ಏರಿಸುವ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ನೌಕರಿಯ ಷರತ್ತುಗಳನ್ನು ಬರೆದಿಡಬೇಕೆನ್ನುವ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ವಿಷಯದಲ್ಲಿ ರಾಜ್ಯ ಸರ್ಕಾರ ಐಟಿ ಉದ್ಯಮಕ್ಕೆ ವರ್ಷಾನುಗಟ್ಟಲೆ ಕೊಡುತ್ತ ಬಂದ, 2024ರಲ್ಲಿ ಮತ್ತೆ ಮುಂದುವರಿಸಿದ ವಿನಾಯಿತಿಯಲ್ಲಿ ಅನಿಮೇಷನ್, ಗೇಮಿಂಗ್ ಎಂದು ಹೆಸರು ಹಿಡಿದೇ ಬರೆದಿತ್ತು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು, 2012ರಲ್ಲಿ, ನೀತಿ ತಂದ ರಾಜ್ಯ ನಮ್ಮದು. 2024ರಿಂದ 2029ರವರೆಗಿನ ಈಗಿನ ನೀತಿ 30 ಸಾವಿರ ಹೊಸ ಉದ್ಯೋಗದ ಗುರಿ ಹೇಳುತ್ತದೆ. ಉದ್ಯೋಗ ಎಷ್ಟು ಎಂದು ಕೇಳುವಷ್ಟೇ ಜೋರಾಗಿ ಎಷ್ಟು ಗಂಟೆಯ ಉದ್ಯೋಗ ಎಂದೂ ಕೇಳಬೇಕಾಗಿದೆ.

ಸಾಧನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೀರಾ, ಟ್ರೆಲ್ಲೊ, ಗ್ಯಾಂಟ್ ಚಾರ್ಟು, ಎರಡು ವಾರಕ್ಕೊಂದು ಸ್ಪ್ರಿಂಟು, ಬೆಳಿಗ್ಗೆ ಹದಿನೈದು ನಿಮಿಷ ನಿಂತೇ ಮಾಡುವ ಮೀಟಿಂಗು ಎಲ್ಲವೂ ಚಾಲ್ತಿಯಲ್ಲಿವೆ. ಮೂವರ ತಂಡಕ್ಕೆ ಗೋಡೆಯ ಮೇಲೆ ಮೂರು ಗೀಟು ಎಳೆದು ‘ಮಾಡಬೇಕು, ಮಾಡುತ್ತಿದ್ದೇವೆ, ಮುಗಿಯಿತು’ ಎಂದು ಚೀಟಿ ಅಂಟಿಸಿದರೆ ಸಾಕು. ಅದಕ್ಕಿಂತ ಮುಖ್ಯ, ಕೆಲಸವನ್ನು ದಿನಾ ಗಿಟ್‌ನಂಥ ಸಾಧನದ ಮೂಲಕ ಬೇರೊಂದು ಕಂಪ್ಯೂಟರಿನಲ್ಲೂ ಉಳಿಸಿಡುವುದು. ಒಂದು ಹಾರ್ಡ್ ಡಿಸ್ಕ್ ಕೆಟ್ಟು ಒಂದು ತಿಂಗಳು ಹೋದರೆ ಯಾವ ಚಾರ್ಟೂ ಅದನ್ನು ಮರಳಿ ತರದು.

ಕ್ಯಾಲೆಂಡರ್ ಮಾತ್ರ ಊರಿನದೇ ಆಗಿರಬೇಕು. ಆ್ಯಪಿನಲ್ಲಿ ಬರುವ ರಜಾಪಟ್ಟಿ ಕಲಬುರಗಿಗೆ ಒಗ್ಗುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ ತಿನ್ನದೆ ಲ್ಯಾಪ್‌ಟಾಪ್ ಮುಂದೆ ಕೂಡುವ ಪ್ರೋಗ್ರಾಮರ್ ಈ ಜಿಲ್ಲೆಯಲ್ಲಿ ಸಿಗಲಾರ. ಹೋಳಿಯ ಬೆನ್ನಿಗೆ ಶರಣಬಸವೇಶ್ವರ ಜಾತ್ರೆ; ಬಂದೇ ನವಾಜರ ಉರುಸು ಹಿಜರಿ ಲೆಕ್ಕದಲ್ಲಿ ವರ್ಷ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಏಪ್ರಿಲ್–ಮೇಯಲ್ಲಿ ಇಲ್ಲಿಯ ಬಿಸಿಲಿಗೆ ಸರ್ಕಾರವೇ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಸರ್ಕಾರಿ ಕಚೇರಿಗೇ ಹೊಳೆದ ಈ ವಿವೇಕ ಗೇಮ್ ಮಾಡುವವರಿಗೂ ಹೊಳೆಯಬೇಕು: ಮೇ ತಿಂಗಳ ಮಧ್ಯಾಹ್ನವನ್ನು ಕೆಲಸದ ಗಂಟೆ ಎಂದು ಬರೆದುಕೊಂಡರೆ ಅದು ಕಾಗದದ ಮೇಲಿನ ಗಂಟೆ.

ಮೊಬೈಲ್ ಗೇಮುಗಳದು ಇನ್ನೊಂದು ಕಥೆ, ಅಲ್ಲಿ ಬಿಡುಗಡೆಯಾದ ದಿನ ಕೆಲಸ ಶುರು. ಬೆಂಗಳೂರಿನಲ್ಲಿ 2013ರಲ್ಲಿ ಆರಂಭವಾದ ಮೂನ್‌ಫ್ರಾಗ್ ಲ್ಯಾಬ್ಸ್ ‘ತೀನ್ ಪತ್ತಿ ಗೋಲ್ಡ್’ನಿಂದ ಹೆಸರು ಮಾಡಿತು. ಇಂಥ ಗೇಮುಗಳಿಗೆ ವಾರ ವಾರ ಏನಾದರೂ ಹೊಸದು ಬೇಕು, ದೀಪಾವಳಿಗೆ ಒಂದು, ಕ್ರಿಕೆಟ್ ಋತುವಿಗೆ ಒಂದು. ದೀಪಾವಳಿಯನ್ನು ಮುಂದೂಡಲು ಬರುವುದಿಲ್ಲ, ಹಾಗಾಗಿ ಅಲ್ಲಿ ಹಬ್ಬಕ್ಕೆ ತಿಂಗಳುಗಳ ಮೊದಲೇ ದೀಪದ ಚಿತ್ರ ಬಿಡಿಸಲು ಕೂತಿರುತ್ತಾರೆ.

ಕಂಪ್ಯೂಟರ್ ಗೇಮ್ ಮಾಡಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮಾರುವ ಆಸೆಯಿದ್ದವರು ಕೆಲವು ಗಡುವುಗಳನ್ನು ಹಿಂದಿನಿಂದ ಎಣಿಸಬೇಕು. ಗೇಮೊಂದಕ್ಕೆ 100 ಡಾಲರ್ ಶುಲ್ಕ. ಹೊಸಬರು ಶುಲ್ಕ ಕಟ್ಟಿದ ಮೇಲೆ ಬಿಡುಗಡೆಗೆ 30 ದಿನ ಕಾಯಬೇಕು. ‘ಶೀಘ್ರದಲ್ಲಿ ಬರಲಿದೆ’ ಎಂಬ ಪುಟ ಕನಿಷ್ಠ ಎರಡು ವಾರ ಎಲ್ಲರಿಗೂ ಕಾಣುವಂತಿರಬೇಕು. ಗೇಮಿನ ಪ್ರತಿಯನ್ನು ಅವರು ಪರಿಶೀಲಿಸಲು ಇನ್ನೂ ಕೆಲವು ದಿನ. ವರ್ಷಕ್ಕೆ ಮೂರು ಸಲ ನಡೆಯುವ ಅವರ ನೆಕ್ಸ್ಟ್ ಫೆಸ್ಟ್‌ನಲ್ಲಿ ಗೇಮಿನ ಸಣ್ಣ ಮಾದರಿ ತೋರಿಸಬಹುದು. ಯುಗಾದಿಗೆ ಬಿಡುಗಡೆ ಎಂದು ಯುಗಾದಿಯ ಹಿಂದಿನ ವಾರ ಖಾತೆ ತೆರೆದರೆ ಬೇವು ಮಾತ್ರ ಸಿಗುತ್ತದೆ.

ಇದನ್ನೆಲ್ಲ ಪುಸ್ತಕ ಓದಿ ಕಲಿಯುವುದು ಕಷ್ಟ. ಕಲಿಯುವ ದಾರಿ ಗೇಮ್ ಜಾಮ್. 2002ರಿಂದ ನಡೆಯುತ್ತಿರುವ ಲುಡುಮ್ ಡೇರ್, 2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜಾಮ್ ಎರಡರದೂ ಮೂಲ ನಿಯಮ ಒಂದೇ: ಒಂದು ವಿಷಯ ಕೊಡುತ್ತಾರೆ, 48 ಗಂಟೆಯಲ್ಲಿ ಆಡಬಹುದಾದ ಗೇಮ್ ಮಾಡಬೇಕು. ಕಾಯ್ದೆ ಹೇಳುವ ಒಂದು ವಾರದ ದುಡಿಮೆಯೂ 48 ಗಂಟೆಯೇ, ಇವರು ಅದನ್ನು ಎರಡು ದಿನಕ್ಕೆ ಹಿಂಡುತ್ತಾರೆ. ವಾರಾಂತ್ಯದ ಉತ್ಸಾಹಕ್ಕೆ ಇದು ಸರಿ, ವೃತ್ತಿಗೆ ಸಲ್ಲದು. ಆದರೆ ಶುಕ್ರವಾರ ಸಂಜೆ ಬರೆದ ದೊಡ್ಡ ಯೋಜನೆಯಲ್ಲಿ ಶನಿವಾರ ಮಧ್ಯಾಹ್ನದೊಳಗೆ ಮುಕ್ಕಾಲು ಪಾಲು ಕತ್ತರಿಸಲೇಬೇಕಾಗುತ್ತದಲ್ಲ, ಆ ಕತ್ತರಿ ಹಿಡಿಯುವುದನ್ನು ಇಷ್ಟು ಬೇಗ ಕಲಿಸುವ ಬೇರೆ ಶಾಲೆ ಇಲ್ಲ.

ಕಲಬುರಗಿಯಲ್ಲಿ ಇದಕ್ಕೆ ಬೇಕಾದದ್ದು ಬಿಡಿಬಿಡಿಯಾಗಿ ಇದ್ದೇ ಇದೆ. 1958ರಿಂದ ನಡೆದು ಬಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೋಡ್ ಬರೆಯುವವರಿದ್ದಾರೆ. ಐಡಿಯಲ್ ಫೈನ್ ಆರ್ಟ್, ಎಂ.ಎಂ.ಕೆ. ದೃಶ್ಯಕಲಾ ಕಾಲೇಜುಗಳಲ್ಲಿ ಚಿತ್ರ ಬಿಡಿಸುವವರಿದ್ದಾರೆ. ಇವರು ಒಂದೇ ಕೋಣೆಯಲ್ಲಿ ಕೂತು ಒಂದು ತಾರೀಖಿಗೆ ಒಟ್ಟಿಗೆ ಬದ್ಧರಾಗುವ ಸಂದರ್ಭ ಬೇಕು. ಗ್ಲೋಬಲ್ ಗೇಮ್ ಜಾಮ್ ಪ್ರತಿವರ್ಷ ಜನವರಿಯ ಕೊನೆಯ ಹೊತ್ತಿಗೆ ನಡೆಯುತ್ತದೆ, ಎಳ್ಳಮಾವಾಸ್ಯೆಯ ಹೊಲದೂಟ ಅಷ್ಟರಲ್ಲಿ ಮುಗಿದಿರುತ್ತದೆ, ಬಿಸಿಲೂ ಏರಿರುವುದಿಲ್ಲ. ಕಾಲೇಜುಗಳು ತಾವೇ ಒಂದು ತಾಣವಾಗಿ ನೋಂದಾಯಿಸಿಕೊಳ್ಳಬಹುದು. ಶುಕ್ರವಾರ ಸಂಜೆ ಲ್ಯಾಬಿನ ಬೀಗ ತೆಗೆದು ಭಾನುವಾರ ಸಂಜೆ ಹಾಕುವುದು, ಕರೆಂಟು ಹೋದರೆ ಜನರೇಟರ್ ಹಚ್ಚುವುದು, ಕಮಲಾಪುರ ಕಡೆಯಿಂದ ಬರುವವರಿಗೆ ಎರಡು ರಾತ್ರಿ ಹಾಸ್ಟೆಲಿನಲ್ಲಿ ಜಾಗ ಕೊಡುವುದು. ವಿಭಾಗದ ಮುಖ್ಯಸ್ಥರು ಇಷ್ಟು ಮಾಡಿಕೊಟ್ಟರೆ ಉಳಿದದ್ದನ್ನು ಹುಡುಗರು ನೋಡಿಕೊಳ್ಳುತ್ತಾರೆ. ಈ ಡಿಸೆಂಬರಿನಲ್ಲೇ ಒಂದು ಸಭೆ ಕರೆಯಲಿ.